ಕಡೆದ ಕಂಬಗಳ ಮೈವಿನ್ಯಾಸ

ತಿರುಗಣೆಗೆ ಏರಿಸಿ, ಉಳಿ ಹಿಡಿದು, ಬಳೆ ಬಳೆಯಾಗಿ ರೂಪ ಕೊಟ್ಟ ಕಂಬವೇ ಕಡೆದ ಕಂಬ. ಮರಗೆಲಸದ ಈ ವಿದ್ಯೆ ಕರ್ನಾಟಕದಲ್ಲಿ ಕಲ್ಲಿಗೆ ದಾಟಿ ತನ್ನ ಎತ್ತರ ಮುಟ್ಟಿದ್ದು 11 ಮತ್ತು 12ನೇ ಶತಮಾನಗಳಲ್ಲಿ, ಕಲ್ಯಾಣದ ಚಾಲುಕ್ಯರ ಕಾಲಕ್ಕೆ. ಇಂದಿನ ಬೆಳಗಾವಿ ಜಿಲ್ಲೆಯ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಸೀಮೆ ಈ ಚರಿತ್ರೆಯ ಹೊರಗಿಲ್ಲ. ಸವದತ್ತಿ ಆಗ ರಟ್ಟರ ರಾಜಧಾನಿ, ಅದರ ಹಳೆಯ ಹೆಸರು ಸುಗಂಧವರ್ತಿ. ಕಿತ್ತೂರಿನ ಆಚೆಗೆ ಹಲಸಿಯ ಕಡೆ ಗೋವೆಯ ಕದಂಬರ ಅಧಿಕಾರವಿತ್ತು.

ತಿರುಗಣೆ ಕೊಡುವುದು ದುಂಡನ್ನು ಮಾತ್ರ. ಅದರಿಂದ ಎಷ್ಟೇ ನಯವಾದ ಉಬ್ಬು ತಗ್ಗು ತೆಗೆದರೂ ಕಂಬ ಯಾವ ದಿಕ್ಕಿನಿಂದ ನೋಡಿದರೂ ಒಂದೇ. ಈ ಏಕತಾನವನ್ನು ಮುರಿಯುವುದು ಹೇಗೆ ಎಂಬ ಪ್ರಶ್ನೆಗೆ ಶಿಲ್ಪಿಗಳು ಕೊಟ್ಟ ಉತ್ತರಗಳೇ ಈ ವಿನ್ಯಾಸದ ಚರಿತ್ರೆ.

ಮೊದಲ ಉತ್ತರ ಕಲ್ಲಿನಲ್ಲೇ ಸಿಕ್ಕಿತು. ಬಾದಾಮಿಯ ಚಾಲುಕ್ಯರು ಬಳಸಿದ್ದು ಮರಳುಗಲ್ಲನ್ನು, ಅದೂ ದೊಡ್ಡ ದೊಡ್ಡ ಬಂಡೆಗಳಲ್ಲಿ. ಕಲ್ಯಾಣದವರ ಕಾಲದಲ್ಲಿ ಬಳಪದ ಕಲ್ಲು ಆ ಜಾಗಕ್ಕೆ ಬಂತು. 1050ರ ಸುಮಾರಿನ ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಈ ಕಲ್ಲಿನಿಂದ ಕಟ್ಟಿದ ಮೊದಲ ಚಾಲುಕ್ಯ ದೇವಾಲಯವೆಂದು ಗುರುತಿಸುತ್ತಾರೆ. ಹಾವೇರಿ, ಸವಣೂರು, ಬ್ಯಾಡಗಿ, ಮೋಟೆಬೆನ್ನೂರು, ಹಾನಗಲ್ಲಿನ ಸುತ್ತ ಬಳಪದ ಕಲ್ಲು ಹೇರಳ. ಅದು ಮೆದು, ಕಣ ಸಣ್ಣದು, ಉಳಿಗೆ ಮರದಷ್ಟೇ ಮಣಿಯುತ್ತದೆ.

ಅಲ್ಲಿಂದ ಮುಂದೆ ಕಂಬದ ಮೈ ಪ್ರಯೋಗದ ಅಂಗಳವಾಯಿತು. ಗಂಟೆಯಾಕಾರದ ಕಾಂಡವನ್ನು ಕಡೆದು, ಅದರ ಮೇಲೆ ಕೂದಲೆಳೆಯಂಥ ಗೀರುಗಳನ್ನು ಒತ್ತೊತ್ತಾಗಿ ಎಳೆದರೆ ಬೆಳಕು ಅಡ್ಡಡ್ಡ ಒಡೆಯುತ್ತದೆ. ದುಂಡನ್ನು ಉದ್ದಕ್ಕೆ ಸೀಳಿದಂತೆ ಏಣುಗಳನ್ನು ಬಿಟ್ಟರೆ ಕಂಬ ನಕ್ಷತ್ರದ ಆಕಾರ ತಾಳುತ್ತದೆ, ನೆರಳು ಉದ್ದುದ್ದ ಇಳಿಯುತ್ತದೆ. ಇನ್ನೊಂದು ಬಗೆಯಲ್ಲಿ ಚೌಕ ಮತ್ತು ದುಂಡು ಒಂದರ ಮೇಲೊಂದು ಬರುತ್ತವೆ. ಚೌಕದ ಮುಖಗಳಲ್ಲಿ ದೇವತೆಗಳು, ಬಳ್ಳಿ, ಹೂವು. ದುಂಡಿನ ಸುತ್ತ ಮಣಿಸರ. ತಿರುಗಣೆಯಲ್ಲಿ ಚೌಕ ಬಾರದು. ಆದ್ದರಿಂದ ಇಂಥ ಕಂಬದಲ್ಲಿ ಯಂತ್ರದ ಕೆಲಸ ಎಲ್ಲಿ ನಿಂತಿತು, ಕೈಯ ಕೆಲಸ ಎಲ್ಲಿ ಶುರುವಾಯಿತು ಎಂಬುದನ್ನು ಬರಿಗಣ್ಣಿನಿಂದಲೇ ಓದಬಹುದು. ಪೀಠ, ಕಾಂಡ, ಮೇಲಿನ ತಟ್ಟೆ, ಬೋದಿಗೆ ಬೇರೆ ಬೇರೆ ತುಂಡುಗಳಾಗಿ ಒಂದರ ಮೇಲೊಂದು ಕೂರುವುದರಿಂದ, ಒಂದೊಂದು ಭಾಗಕ್ಕೂ ಒಂದೊಂದು ವಿನ್ಯಾಸ ಕೊಡಲು ಅವಕಾಶವಿತ್ತು.

ಕಲ್ಲನ್ನು ಒರಟಾಗಿ ಕಡೆದು ಆಕಾರಕ್ಕೆ ತಂದ ಮೇಲೆ, ನೆಟ್ಟಗೆ ನಿಲ್ಲಿಸಿದ ಕಾಂಡದ ಮೇಲೆ ಚೂಪಾದ ಉಳಿಗಳಿಂದ ಕೊನೆಯ ನಯ ಮಾಡುತ್ತಿದ್ದರು ಎನ್ನುವುದು ವಿದ್ವಾಂಸರ ವಿವರಣೆ. ಕೆಲವು ಕಂಬಗಳಲ್ಲಿ ಉಳಿಯ ಮೊನೆ ಎಳೆದ ಸಣ್ಣ ಗೆರೆಗಳು ಇಂದಿಗೂ ಉಳಿದಿವೆ. ಇಟಗಿ, ಹಾನಗಲ್ಲು, ಬಂಕಾಪುರದ ಗುಡಿಗಳಲ್ಲಿ ಮಾತ್ರ ಉಜ್ಜುವ ಕೆಲಸ ಪೂರ್ತಿಯಾಗಿದ್ದು, ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ. ಪುರಾತತ್ವಜ್ಞ ಹೆನ್ರಿ ಕೌಸೆನ್ಸ್ 1926ರ ತನ್ನ ಗ್ರಂಥದಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ಗುಡಿಗಳನ್ನು ವಿವರವಾಗಿ ದಾಖಲಿಸಿದ ಮೇಲೆ ಈ ಕೆಲಸಕ್ಕೆ ಹೊರಗಿನ ಓದುಗರೂ ದೊರೆತರು.

ಸವದತ್ತಿ ತಾಲ್ಲೂಕಿನ ಹೂಲಿಯಲ್ಲಿ ಪಂಚಲಿಂಗೇಶ್ವರ ಸೇರಿದಂತೆ ಆ ಕಾಲದ ಹಲವು ಗುಡಿಗಳಿವೆ. ಕಿತ್ತೂರಿಗೆ ಸಮೀಪದ ದೇಗಾಂವದಲ್ಲಿರುವುದು ಕಮಲನಾರಾಯಣ ದೇವಾಲಯ. ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಇದನ್ನು 12ನೇ ಶತಮಾನದಲ್ಲಿ ಕಟ್ಟಿಸಿದಳು, ಶಿಲ್ಪಿ ತಿಪ್ಪೋಜ. ಸಾಲಾಗಿರುವ ಮೂರು ಗರ್ಭಗುಡಿಗಳ ಮುಂದೆ ಕಂಬಗಳ ಮಂಟಪ ಅಡ್ಡಲಾಗಿ ಹಬ್ಬಿದೆ. ರಾಣಿಯ ಜೊತೆಗೆ ಶಿಲ್ಪಿಯ ಹೆಸರೂ ಉಳಿದದ್ದು ದೊಡ್ಡ ಭಾಗ್ಯ. ಇಂಥ ಎಷ್ಟೋ ಗುಡಿಗಳ ಕೈಗಳು ಯಾರವೆಂದು ಗೊತ್ತಿಲ್ಲ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಬೆಳಗಾವಿ ಕೋಟೆಯ ಕಮಲ ಬಸದಿಯಲ್ಲೂ ಕಡೆದ ಕಂಬಗಳು ಕಾಣಸಿಗುತ್ತವೆ.

ವಿದ್ಯೆ ದಕ್ಷಿಣಕ್ಕೂ ಹೋಯಿತು. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ 1117ರ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕೆಲಸ ಮಾಡಿದವರು. ಅಲ್ಲಿನ ನರಸಿಂಹ ಕಂಬದಲ್ಲಿ ಅಡಿಯಿಂದ ಮುಡಿವರೆಗೆ ಪುಟ್ಟ ಮೂರ್ತಿಗಳು ತುಂಬಿವೆ.

ಮರದಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರಗಳಿವೆ. ಪಶ್ಚಿಮ ದೇಶಗಳಲ್ಲಿ ಬೆಳೆದ ಒಂದು ಪದ್ಧತಿಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಅಂಟಿಸಿ ಉಂಗುರ ಮಾಡಿ, ಉಂಗುರಗಳನ್ನು ಪೇರಿಸಿ, ಆಮೇಲೆ ಕಡೆಯುತ್ತಾರೆ. ವಿನ್ಯಾಸ ಅಲ್ಲಿ ತಿರುಗುವ ಮೊದಲೇ ಸಿದ್ಧ. ಚಾಲುಕ್ಯ ಶಿಲ್ಪಿಗೆ ಅದು ತಿರುಗಿದ ಮೇಲಿನ ಕೆಲಸವಾಗಿತ್ತು. ಬಣ್ಣದ ಗೊಂಬೆ ಮಾಡುವ ಚನ್ನಪಟ್ಟಣದವರಿಗೆ ಅದು ತಿರುಗುವಾಗಲೇ ಆಗಬೇಕು: ಸುತ್ತುತ್ತಿರುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಒಣ ಗರಿಯಿಂದ ಒತ್ತಿ ಹೊಳಪು ಬರಿಸುತ್ತಾರೆ. ಕಿತ್ತೂರು ಸೀಮೆಗೆ ಹತ್ತಿರದ, ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲಿನಲ್ಲಿ ತಿರುಗಣೆಯ ಕೆಲಸ, ಕೈಯ ಕೆಲಸ ಎರಡೂ ಕೂಡಿವೆ. ಅದರ ಕಡೆದ ಕೋಲುಗಳ ಮೇಲೆ ಅರಗಿನ ಬಣ್ಣದ ಪಟ್ಟಿಗಳು, ಹಲಗೆಗಳ ಮೇಲೆ ಕುಂಚದಿಂದ ಬರೆದ ಕೃಷ್ಣನ ಬಾಲಲೀಲೆ ಮತ್ತು ರಾಮಾಯಣದ ಚಿತ್ರಗಳು.