ಬಿಚ್ಚಿ ಹೆಣೆಯುವ ವಿದ್ಯೆ

ಕನ್ನಡದಲ್ಲಿ ನಾವು ಜಡೆ ಹೆಣೆಯುತ್ತೇವೆ, ಚಾಪೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ, ಬಲೆ ಹೆಣೆಯುತ್ತೇವೆ. ಕೆಲವರು ಕಥೆಯನ್ನೂ ಹೆಣೆಯುತ್ತಾರೆ. ಎರಡು ಕಡ್ಡಿ ಹಿಡಿದು ಉಣ್ಣೆಯ ದಾರದಿಂದ ಮಗುವಿನ ಟೊಪ್ಪಿಯನ್ನೋ ಸ್ವೆಟರನ್ನೋ ಮಾಡುವ ಕೆಲಸಕ್ಕೂ ಅದೇ ಪದವನ್ನು ಕೊಟ್ಟಿದ್ದೇವೆ. ಮನೆಯಲ್ಲಿ ಉರ್ದು ಆಡುವವರು ಇದನ್ನು ‘ಬುನ್ನಾ’ ಎನ್ನುತ್ತಾರೆ. ಮಗ್ಗದಲ್ಲಿ ನೇಯುವುದಕ್ಕೂ ಅವರಲ್ಲಿ ಅದೇ ಪದ. ಈ ಕೆಲಸಕ್ಕೆ ಅದರದೇ ಆದ ಹೆಸರು ಹುಟ್ಟದಿರುವುದು, ಅದು ನಮ್ಮಲ್ಲಿಗೆ ತಡವಾಗಿ ಬಂದ ವಿದ್ಯೆ ಎಂಬುದಕ್ಕೆ ಒಂದು ಸಣ್ಣ ಸಾಕ್ಷಿ. ಬಂದದ್ದು ಎಲ್ಲಿಂದ? ‘ಇಂಗ್ಲಿಷರಿಂದ’ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಈ ಉತ್ತರ ಅರ್ಧ ಮಾತ್ರ ನಿಜ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯ ತಾಲೂಕುಗಳು. 1997ರಲ್ಲಿ ಈ ಜಿಲ್ಲೆ ಆಗುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಹೊನ್ನಾಳಿಯೊಳಗೇ ಇದ್ದ ನ್ಯಾಮತಿ ಪ್ರತ್ಯೇಕ ತಾಲೂಕಾಗಿ ಕೆಲವೇ ವರ್ಷಗಳಾಗಿವೆ. ಒಂದು ಕಡೆ ಅಡಿಕೆ ತೋಟ, ಸೂಳೆಕೆರೆಯ ನೀರು. ಇನ್ನೊಂದು ಕಡೆ ಮಳೆಗಾಗಿ ಆಕಾಶ ನೋಡುವ ಜಗಳೂರಿನ ಕೆಂಪು ನೆಲ. ನೂಲು, ಸೂಜಿಗಳ ವಿದ್ಯೆಗೆ ಇಲ್ಲೆಲ್ಲೂ ಕೊರತೆ ಇರಲಿಲ್ಲ. ಆದರೆ ಆ ಒಂದೊಂದು ವಿದ್ಯೆಯೂ ತಪ್ಪನ್ನು ಒಂದೊಂದು ರೀತಿಯಲ್ಲಿ ನೋಡುತ್ತದೆ.

ಜಗಳೂರಿನಿಂದ ಚಳ್ಳಕೆರೆಯವರೆಗಿನ ಸೀಮೆ ಕುರಿ ಮತ್ತು ಕಂಬಳಿಯ ಸೀಮೆ. ಕುರುಬರ ಮನೆಯ ಹೆಂಗಸರು ಕರಿ ಕುರಿಯ ಉಣ್ಣೆಯನ್ನು ಹಿಂಜಿ ನೂಲುತ್ತಾರೆ, ಗಂಡಸರು ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಬಳಿದು ಬಿಗಿ ಮಾಡುತ್ತಾರೆ. ನೇಯುವಾಗ ಒಂದು ಎಳೆ ಹರಿದರೆ ಗಂಟು ಹಾಕಿ ಮುಂದೆ ಹೋಗಬೇಕು. ಹತ್ತು ಗೇಣು ನೇಯ್ದ ಮೇಲೆ ಕೆಳಗೆಲ್ಲೋ ತಪ್ಪು ಕಂಡರೆ ಅಲ್ಲಿಯವರೆಗೆ ಹೊಕ್ಕನ್ನು ಒಂದೊಂದಾಗಿ ಬಿಚ್ಚುವ ತಾಳ್ಮೆ ಯಾರಿಗೂ ಇರುವುದಿಲ್ಲ. ಉಣ್ಣೆಯ ಎಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ತಪ್ಪು ಕಂಬಳಿಯಲ್ಲೇ ಉಳಿಯುತ್ತದೆ, ಕಂಬಳಿ ಬೆಚ್ಚಗೇ ಇರುತ್ತದೆ.

ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರವರಿಯಲ್ಲಿ ಅಲ್ಲಿಗೆ ನಾನಾ ರಾಜ್ಯಗಳಿಂದ ಬರುವ ಹೆಂಗಸರ ಉಡುಪನ್ನು ನೋಡಿದರೆ ಸಾಕು, ಕಸೂತಿಯ ಒಂದು ವಸ್ತುಪ್ರದರ್ಶನವನ್ನೇ ನೋಡಿದ ಹಾಗೆ. ಕನ್ನಡಿ, ಕವಡೆ, ನಾಣ್ಯಗಳನ್ನು ಕೂಡಿಸಿದ ಈ ಕೆಲಸ ಸಂಡೂರಿನ ಲಂಬಾಣಿ ಕಸೂತಿ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದಿದೆ. ಇಲ್ಲಿ ತಪ್ಪಿದರೆ ದಾರ ಕತ್ತರಿಸಬೇಕು. ಬಟ್ಟೆಯ ಮೇಲೆ ಸೂಜಿಯ ತೂತು ಉಳಿಯುತ್ತದೆ. ಅದರ ಮೇಲೊಂದು ಕನ್ನಡಿ ಕೂರಿಸಿದರೆ ಅದೂ ಮರೆಯಾದೀತು. ಇನ್ನು ಕೌದಿ ಅಂತೂ ಹಳೆಯ ಸೀರೆ, ಪಂಚೆ, ಲಂಗಗಳ ತುಂಡುಗಳಿಂದಲೇ ಹುಟ್ಟುವುದು. ಅದರಲ್ಲಿ ತಪ್ಪು ಯಾವುದು ಸರಿ ಯಾವುದು ಎಂದು ಹೇಳುವವರು ಯಾರು?

ಇಷ್ಟೆಲ್ಲ ಬಲ್ಲವರಲ್ಲಿ ಕಡ್ಡಿಯ ಹೆಣಿಗೆ ಏಕೆ ಹುಟ್ಟಲಿಲ್ಲ ಎಂದರೆ ಕಾರಣ ಸರಳ. ದಖ್ಖನಿ ಕುರಿಯ ಉಣ್ಣೆ ಒರಟು, ಮೈಗೆ ಅಂಟಿಕೊಳ್ಳುವ ಉಡುಪಿಗೆ ಆಗದು. ನಮ್ಮ ಚಳಿ ಒಂದು ಕಂಬಳಿಗೆ ಹೆದರಿ ಓಡುವಂಥದ್ದು. ಬೂಟು ಹಾಕದವರಿಗೆ ಕಾಲುಚೀಲವಾದರೂ ಏಕೆ?

ಹೆಣಿಗೆಯ ಚರಿತ್ರೆ ಆರಂಭವಾಗುವುದೇ ಕಾಲುಚೀಲದಿಂದ. ಇಂದು ಸಿಕ್ಕಿರುವ ಅತಿ ಹಳೆಯ ನಿಜವಾದ ಹೆಣಿಗೆಯ ತುಂಡುಗಳು ಈಜಿಪ್ಟಿನವು. 11ರಿಂದ 14ನೆಯ ಶತಮಾನದ ನಡುವಿನವು ಎಂದು ಅಂದಾಜು. ಅವಕ್ಕಿಂತ ಹಳೆಯ ಕಾಲುಚೀಲಗಳೂ ಈಜಿಪ್ಟಿನಲ್ಲಿ ಸಿಕ್ಕಿವೆ, ಆದರೆ ಅವು ಒಂದೇ ಸೂಜಿಯಿಂದ ಗಂಟು ಹಾಕುತ್ತ ಮಾಡಿದವು, ಕಡ್ಡಿಯ ಹೆಣಿಗೆ ಅಲ್ಲ. ಈಜಿಪ್ಟಿನ ಹೆಣಿಗೆ ಹತ್ತಿಯ ನೂಲಿನದು. ಬಿಳಿ ಮತ್ತು ನೀಲಿ ಬಣ್ಣ. ಕೆಲವದರಲ್ಲಿ ಕೂಫಿ ಲಿಪಿಯನ್ನು ಹೋಲುವ ಅಲಂಕಾರ. ಹೊಸದಾಗಿ ಕಲಿಯುವವರ ಕೈಯಿಂದ ಆಗುವ ಕೆಲಸ ಇದಲ್ಲ. ಅಂದರೆ ಅದರ ಹಿಂದೆ ಕಲಿತ, ತಪ್ಪಿದ, ಬಿಚ್ಚಿದ ಎಷ್ಟೋ ಕೈಗಳು ಇದ್ದಿರಬೇಕು. ಆ ತಪ್ಪುಗಳು ನಮಗೆ ಸಿಕ್ಕಿಲ್ಲ. ಸಿಗುವುದೂ ಇಲ್ಲ, ಏಕೆಂದರೆ ಬಿಚ್ಚಿದ ಹೆಣಿಗೆ ಮತ್ತೆ ಬರೀ ದಾರ.

ಮುಂದಿನ ಹೆಜ್ಜೆ ಸ್ಪೇನ್. ಕ್ಯಾಸ್ಟೀಲಿನ ರಾಜಕುಮಾರ ಫರ್ನಾಂಡೊ ದೆ ಲಾ ಸೆರ್ದಾ 1275ರಲ್ಲಿ ತೀರಿಕೊಂಡಾಗ ಬುರ್ಗೋಸಿನ ಲಾಸ್ ವೆಲ್ಗಾಸ್ ಮಠದಲ್ಲಿ ಅವನನ್ನು ಸಮಾಧಿ ಮಾಡಿದರು. ಅವನ ಶವಪೆಟ್ಟಿಗೆಯಲ್ಲಿಟ್ಟ ರೇಷ್ಮೆಯ ದಿಂಬಿನ ಹೊದಿಕೆ ಹೆಣಿಗೆಯದು, ಅಂಗುಲಕ್ಕೆ ಇಪ್ಪತ್ತರಷ್ಟು ಕುಣಿಕೆಗಳು. ಅದರ ಅಂಚಿನಲ್ಲಿ ಅರಬಿಯಲ್ಲಿ ಮತ್ತೆ ಮತ್ತೆ ಬರುವ ಪದ ‘ಬರಕಃ’, ನಮ್ಮ ಮನೆಗಳಲ್ಲಿ ಹೇಳುವ ‘ಬರಕತ್’. ಮುಸ್ಲಿಮರ ವಿರುದ್ಧ ಯುದ್ಧಕ್ಕೆ ಹೊರಟು ದಾರಿಯಲ್ಲೇ ಸತ್ತ ಕ್ರೈಸ್ತ ರಾಜಕುಮಾರನ ತಲೆಯಡಿಗೆ ಮುಸ್ಲಿಂ ಕುಶಲಕರ್ಮಿಗಳ ಕೈಯ ಬರಕತ್! ಅರಸರ ಚರಿತ್ರೆ ಒಂದು ಕಡೆ ಹೋಗುತ್ತಿದ್ದಾಗ ದಾರದ ಚರಿತ್ರೆ ಇನ್ನೊಂದು ಕಡೆ ಹೋಗುತ್ತಿತ್ತು ಎನ್ನಲು ಬೇರೆ ಉದಾಹರಣೆ ಬೇಡ.

ಇನ್ನೊಂದು ಸಂಗತಿ ಹೇಳಬೇಕು. ಹೆಣಿಗೆಗೆ ಇರುವುದು ಎರಡೇ ಚಲನೆ, ಸೀದಾ ಮತ್ತು ಉಲ್ಟಾ. ಹೊಸಬರು ಮೊದಲ ದಿನ ಸೀದಾ ಕಲಿತು ಎರಡನೆಯ ದಿನ ಉಲ್ಟಾಕ್ಕೆ ಬರುತ್ತಾರೆ. ಹಳೆಯ ಹೆಣಿಗೆಯೆಲ್ಲ ಕೊಳವೆಯಂತೆ ಸುತ್ತಲೂ ಸೀದಾ ಹೆಣೆದದ್ದು. ಉಲ್ಟಾ ಕುಣಿಕೆಯ ಹಳೆಯ ಸಾಕ್ಷ್ಯಗಳಲ್ಲಿ ಹೆಸರಾದದ್ದು 1562ರಲ್ಲಿ ಫ್ಲಾರೆನ್ಸಿನಲ್ಲಿ ಸಮಾಧಿಯಾದ ಎಲಿಯನೋರಾ ಎಂಬ ಡಚೆಸ್‌ಳ ಕಾಲುಚೀಲ. ಒಂದು ಕುಣಿಕೆಯನ್ನು ಹಿಂದಿನಿಂದ ಎಳೆಯುವ ಬದಲು ಮುಂದಿನಿಂದ ಎಳೆಯುವ ಆಲೋಚನೆ ನೆಲೆಗೊಳ್ಳಲು ಶತಮಾನಗಳೇ ಹಿಡಿದವು ಎಂದಾಯಿತು. ಎರಡನೆಯ ದಿನ ಕೈ ತಡವರಿಸುವ ಹುಡುಗಿಯನ್ನು ಬೈಯುವವರು ಇದನ್ನು ನೆನಪಿಡಬೇಕು.

1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ರಾಣಿ ಎಲಿಜಬೆತ್ ಅವನಿಗೆ ಹಕ್ಕುಪತ್ರ ಕೊಡಲಿಲ್ಲ. ಕೈಯಿಂದ ಹೆಣೆದು ಬದುಕುವ ಬಡವರ ಗತಿಯೇನು ಎಂಬುದು ಅವಳ ಆತಂಕವಾಗಿತ್ತಂತೆ. ಲೀ ಫ್ರಾನ್ಸಿಗೆ ಹೋಗಿ ಅಲ್ಲೇ ತೀರಿಕೊಂಡ. ಯಂತ್ರ ಮಾತ್ರ ಉಳಿಯಿತು.

ನಮ್ಮಲ್ಲಿಗೆ ಹೆಣಿಗೆಯನ್ನು ತಂದವರಲ್ಲಿ ಮಿಶನರಿಗಳು ಮುಖ್ಯರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳನ್ನು ಮುಟ್ಟಿತು. ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಶನ್ ಇತ್ತು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹದ ಜೊತೆಗೆ ಹೊಲಿಗೆ, ಹೆಣಿಗೆಗಳಿಗೂ ಜಾಗ ದೊರಕಿತು. ಮುಂದೆ ಸರಕಾರಿ ಶಾಲೆ, ಸ್ವಾತಂತ್ರ್ಯದ ನಂತರ ಮಹಿಳಾ ಮಂಡಳ, ಆಮೇಲೆ ವಾರಪತ್ರಿಕೆಗಳ ಮಹಿಳಾ ಪುಟ ಹೀಗೆ ಅದು ಸಣ್ಣ ಊರುಗಳನ್ನೂ ಮುಟ್ಟಿತು. ಈಜಿಪ್ಟಿನಿಂದ ಹೊರಟು ಸ್ಪೇನ್, ಇಟಲಿ, ಇಂಗ್ಲೆಂಡ್ ಸುತ್ತಿದ ವಿದ್ಯೆ ಹೊನ್ನಾಳಿಯ ಮುಸ್ಲಿಂ ಮನೆಗೆ ಬಂದಾಗ ಅದು ‘ಇಂಗ್ಲಿಷ್ ಕೆಲಸ’ ಆಗಿತ್ತು.

ಪುಸ್ತಕ, ಪತ್ರಿಕೆಗಳಿಗೆ ಒಂದು ಮಿತಿಯಿದೆ. ‘ನಲವತ್ತು ಕುಣಿಕೆ ಹಾಕಿ, ಎರಡು ಸೀದಾ ಎರಡು ಉಲ್ಟಾ ಹೆಣೆಯಿರಿ’ ಎಂದು ಅವು ಹೇಳುತ್ತವೆ. ನಲವತ್ತು ಹೋಗಿ ನಲವತ್ತಾರು ಆದರೆ ಏನು ಮಾಡಬೇಕು? ಅದು ಅಲ್ಲಿ ಸಿಗುವುದು ಅಪರೂಪ. ಬಲ್ಲವರು ಪಕ್ಕದಲ್ಲಿ ಕೂತು ನೋಡಿದರೆ ಕಾರಣ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಸಾಲಿನ ಆರಂಭದಲ್ಲಿ ದಾರವನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆಯ ಎರಡು ಕಾಲುಗಳು ಎರಡು ಕುಣಿಕೆಗಳಂತೆ ಕಾಣುತ್ತವೆ. ಹೊಸಬರು ಎರಡನ್ನೂ ಹೆಣೆಯುತ್ತಾರೆ. ಆರು ಸಾಲಿಗೆ ಆರು ಹೆಚ್ಚು. ದಾರವನ್ನು ಕೆಳಗಿಟ್ಟುಕೊಂಡು ಪ್ರತಿ ಸಾಲಿನ ಕೊನೆಗೆ ಎಣಿಸಿದರೆ ಮುಗಿಯಿತು.

ಹೊಸಬರನ್ನು ಎಲ್ಲಕ್ಕಿಂತ ಹೆದರಿಸುವುದು ಕಡ್ಡಿಯಿಂದ ಜಾರಿದ ಕುಣಿಕೆ. ಅದು ತನ್ನ ಕೆಳಗಿನದನ್ನು ಬಿಚ್ಚುತ್ತದೆ, ಅದು ಇನ್ನೂ ಕೆಳಗಿನದನ್ನು. ನೋಡುನೋಡುತ್ತಲೇ ಒಂದು ಏಣಿ ಮೂಡುತ್ತದೆ. ಆದರೆ ಔಷಧವೂ ಆ ಏಣಿಯಲ್ಲೇ ಇದೆ. ಕೆಳಗೆ ಉಳಿದ ಕುಣಿಕೆಗೆ ಕ್ರೋಶಾ ಕಡ್ಡಿ ಹಾಕಿ, ಮೇಲಿನ ಅಡ್ಡ ಎಳೆಯನ್ನು ಅದರೊಳಗಿಂದ ಎಳೆದು, ಮತ್ತೆ ಅದರ ಮೇಲಿನದನ್ನು ಎಳೆಯುತ್ತ ಮೆಟ್ಟಿಲು ಹತ್ತಿದರೆ ಕುಣಿಕೆ ಮರಳಿ ಕಡ್ಡಿಗೆ ಬರುತ್ತದೆ. ಗುರುತು ಕೂಡ ಉಳಿಯುವುದಿಲ್ಲ. ತಪ್ಪು ಅದೇ ಸಾಲಿನಲ್ಲಿದ್ದರೆ ಎಡಗೈ ಕಡ್ಡಿಯನ್ನು ಕೆಳಗಿನ ಕುಣಿಕೆಗೆ ತೂರಿಸಿ ಒಂದೊಂದಾಗಿ ಹಿಂದಕ್ಕೆ ಬರಬಹುದು. ಬಹಳ ಕೆಳಗಿದ್ದರೆ, ಸರಿಯಿರುವ ಸಾಲಿನ ಕುಣಿಕೆಗಳಿಗೆಲ್ಲ ಬೇರೆ ಬಣ್ಣದ ದಾರವನ್ನು ಸೂಜಿಯಿಂದ ಪೋಣಿಸಿಟ್ಟು ಮೇಲಿನದನ್ನು ಧೈರ್ಯವಾಗಿ ಬಿಚ್ಚಬಹುದು. ಬಿಚ್ಚುವುದು ಆ ದಾರದ ಹತ್ತಿರ ನಿಲ್ಲುತ್ತದೆ.

ಕಂಬಳಿ, ಕಸೂತಿಗಳಿಗೆ ಇಲ್ಲದ ಗುಣ ಇದು. ಇಡೀ ಬಟ್ಟೆ ಒಂದೇ ಎಳೆಯದಾದ್ದರಿಂದ ಬಂದ ದಾರಿಯಲ್ಲೇ ಹಿಂದಿರುಗಬಹುದು. ಅಣ್ಣನಿಗೆ ಚಿಕ್ಕದಾದ ಸ್ವೆಟರನ್ನು ಬಿಚ್ಚಿ, ಸುಕ್ಕಾದ ದಾರವನ್ನು ತೊಳೆದು ನೇತುಹಾಕಿ ನೇರ ಮಾಡಿ, ತಂಗಿಗೆ ಹೆಣೆದು ಕೊಟ್ಟ ಮನೆಗಳು ಎಷ್ಟೋ ಇವೆ. ಈಜಿಪ್ಟಿನ ಹಳೆಯ ಕಾಲುಚೀಲಗಳ ಹಿಮ್ಮಡಿಯನ್ನು ಕೊನೆಗೆ ಸೇರಿಸಿದ್ದು, ಸವೆದಾಗ ಅದನ್ನಷ್ಟೇ ಬದಲಿಸಲೆಂದು ಇರಬಹುದು ಎಂದು ಪರಿಣತರು ಊಹಿಸುತ್ತಾರೆ.

ಈ ಜ್ಞಾನಕ್ಕೆ ಬೆಲೆ ಕಟ್ಟಿದವರು ಕಡಿಮೆ. ಆಂಧ್ರದ ನರಸಾಪುರದ ಕ್ರೋಶಾ ಲೇಸಿನ ಬಗ್ಗೆ ಮರಿಯಾ ಮೀಸ್ ಬರೆದ ಪುಸ್ತಕ 1982ರಲ್ಲಿ ಬಂತು. ಲಕ್ಷಕ್ಕೂ ಹೆಚ್ಚು ಹೆಂಗಸರು ಹೊರದೇಶಕ್ಕೆ ಹೋಗುವ ಲೇಸನ್ನು ಮನೆಯಲ್ಲೇ ಕೂತು ಮಾಡುತ್ತಿದ್ದರು. ಲೆಕ್ಕದಲ್ಲಿ ಅವರು ‘ಗೃಹಿಣಿಯರು’, ಕೆಲಸ ‘ಬಿಡುವಿನದು’, ಕೂಲಿಯೂ ಅದಕ್ಕೆ ತಕ್ಕಂತೆ. ನಮ್ಮ ಊರುಗಳ ಹೆಣಿಗೆ ಅಷ್ಟು ದೊಡ್ಡ ವ್ಯಾಪಾರವಾಗಲಿಲ್ಲ. ಬಾಣಂತಿಯ ಮನೆಗೆ ಒಯ್ಯುವ ಕುಲಾವಿ, ಮಗನ ಬಿಳಿ ಟೊಪ್ಪಿ, ಮುದುಕರ ಮಫ್ಲರು ಇಷ್ಟರಲ್ಲೇ ಇತ್ತು. ಹಾಗಾಗಿ ಶೋಷಣೆಯೂ ದಾಖಲಾಗಲಿಲ್ಲ, ಕೌಶಲವೂ ದಾಖಲಾಗಲಿಲ್ಲ. ತಾಲೂಕಿನ ಚರಿತ್ರೆ ಬರೆಯುವವರು ಕೋಟೆ, ಶಾಸನ, ಪಾಳೆಯಗಾರರನ್ನು ಮುಗಿಸಿ ಮನೆಯೊಳಕ್ಕೆ ಬರುವಷ್ಟರಲ್ಲಿ ಪುಟ ಮುಗಿದಿರುತ್ತದೆ.

ಈಗ ಚಳಿಗಾಲದಲ್ಲಿ ಟಿಬೆಟನ್ನರು ಪೇಟೆಯಲ್ಲಿ ಲುಧಿಯಾನದ ಸ್ವೆಟರು ಹರಡುತ್ತಾರೆ. ಕೈಯಿಂದ ಹೆಣೆಯಲು ಬೇಕಾದ ದಾರದ ಬೆಲೆಗೇ ಸಿದ್ಧ ಉಡುಪು ಸಿಗುವಾಗ ಯಾರು ಹೆಣೆಯುತ್ತಾರೆ? ಬನಿಯನ್ನು, ಟೀ ಶರ್ಟುಗಳಂತೂ ತಿರುಪ್ಪೂರಿನವು. ಅವೂ ಹೆಣಿಗೆಯೇ, ಲೀಯ ಯಂತ್ರದ ಮರಿಮಕ್ಕಳ ಕೆಲಸ. ಕನ್ನಡಕ ಹಾಕಿ ಹತ್ತಿರದಿಂದ ನೋಡಿದರೆ ಒಂದು ಬದಿಯಲ್ಲಿ ಸೀದಾ, ಇನ್ನೊಂದು ಬದಿಯಲ್ಲಿ ಉಲ್ಟಾ ಕಾಣುತ್ತದೆ. ಆದರೆ ಕುಣಿಕೆಗಳು ಎಷ್ಟು ಸಣ್ಣವೆಂದರೆ, ತೂತು ಬಿದ್ದಾಗ ಅಜ್ಜಿಯ ಕ್ರೋಶಾ ಕಡ್ಡಿ ಅವುಗಳನ್ನು ಹಿಡಿಯಲಾರದು. ಅಂಥ ಟೀ ಶರ್ಟು ಒಂದೋ ನೆಲ ಒರೆಸಲು ಹೋಗುತ್ತದೆ, ಇಲ್ಲವೇ ಕೌದಿಯ ಒಳಪದರಕ್ಕೆ.