ಮೋರ್ಯರ ಗುಡ್ಡದ ಅಕ್ಷಾಂಶ

ಕಾರಟಗಿಯಿಂದ ಗಂಗಾವತಿ ದಾಟಿ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ ಹತ್ತಿದಾಗ ನನ್ನ ಕೈಯಲ್ಲಿ ಎರವಲು ತಂದ ಜಿಪಿಎಸ್ ಇತ್ತು. 19ನೇ ಶತಮಾನದಲ್ಲಿ ಮೆಡೋಸ್ ಟೇಲರ್ ವರ್ಣಿಸಿದ ಬೃಹತ್ ಶಿಲಾಯುಗದ ಗೋರಿಗಳನ್ನು ಒಂದೊಂದಾಗಿ ಗುರುತಿಸುವುದು ನನ್ನ ಕೆಲಸ. ಬಂಡೆಗಳ ಸಂದಿಯಲ್ಲಿ ಅಂಕಿಗಳು ಕುಣಿದವು. ಕನಿಷ್ಠ ನಾಲ್ಕು ಉಪಗ್ರಹ ಸಿಗಲು ಬಯಲಿಗೆ ಬಂದು ಕಾಯಬೇಕೆಂದು ಆಮೇಲೆ ತಿಳಿಯಿತು.

2000ರ ಮೇ 2ರಂದು ಅಮೆರಿಕ, ನಾಗರಿಕರ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಮರುದಿನವೇ ಆರೆಗಾನ್‌ನಲ್ಲಿ ಒಬ್ಬರು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ-ರೇಖಾಂಶ ಸಾರಿದರು. ಜಿಯೋಕ್ಯಾಶಿಂಗ್ ಆಟ ಶುರುವಾದದ್ದು ಹೀಗೆ. ಅಲ್ಲಿ ಅಡಗಿಸಿದ್ದು ಸಿಗಲೆಂದೇ ಅಂಕಿ ಹಂಚುತ್ತಾರೆ.

ಇಲ್ಲಿ? ಒಂದು ಗೋರಿಯ ಬುಡವನ್ನು ಯಾರೋ ನಿಧಿಯಾಸೆಗೆ ಅಗೆದಿದ್ದರು. ಟಿಪ್ಪಣಿ ಪುಸ್ತಕದಲ್ಲಿ ಪೂರ್ತಿ ಅಂಕಿ ಬರೆದುಕೊಂಡೆ. ಪ್ರಬಂಧದಲ್ಲಿ ಊರು, ಗುಡ್ಡದ ಹೆಸರು ಮಾತ್ರ ಇರುತ್ತದೆ.