ಡಿಜೆ ಮತ್ತು ಹಾಡಿನ ಆಯ್ಕೆ

ನೃತ್ಯಾಂಗಣದಲ್ಲಿ ಡಿಜೆಯ ಗಮನ ಯಂತ್ರಕ್ಕಿಂತ ಹೆಚ್ಚಾಗಿ ಕುಣಿಯುವವರ ಕಾಲುಗಳ ಮೇಲಿರಬೇಕು. ಇದಕ್ಕೆ ಪ್ರಸಿದ್ಧ ನಿದರ್ಶನ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯದು. 1973ರ ಆಗಸ್ಟ್ 11ರಂದು ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್ ತಮ್ಮ ಸೋದರಿ ಏರ್ಪಡಿಸಿದ್ದ ಕೂಟದಲ್ಲಿ ಹಾಡುಗಳನ್ನು ಹಾಕಿದರು. ತಾಯ್ನಾಡಿನ ಸಂಗೀತಕ್ಕೆ ಬ್ರಾಂಕ್ಸ್‌ನ ಯುವಜನ ಅಷ್ಟಾಗಿ ಒಲಿಯಲಿಲ್ಲ. ಅವರು ಫಂಕ್ ಸಂಗೀತದತ್ತ ಹೊರಳಿದರು. ಗಾಯನ ನಿಂತು ತಾಳವಾದ್ಯವಷ್ಟೇ ಉಳಿಯುವ ಘಟ್ಟಕ್ಕಾಗಿ ನರ್ತಕರು ಕಾದಿರುವುದನ್ನು ಹರ್ಕ್ ಗಮನಿಸಿದ್ದರು. ಆ ಭಾಗವೋ ಕೆಲವೇ ಸೆಕೆಂಡುಗಳದು. ಒಂದೇ ಗಾನಮುದ್ರಿಕೆಯ ಎರಡು ಪ್ರತಿಗಳನ್ನು ಎರಡು ತಿರುಗುಮಣೆಗಳಲ್ಲಿಟ್ಟು, ಒಂದು ಮುಗಿಯುತ್ತಲೇ ಇನ್ನೊಂದನ್ನು ಆರಂಭಿಸಿ ಅದನ್ನು ನಿಮಿಷಗಟ್ಟಲೆ ಹಿಗ್ಗಿಸಿದರು. ಹಿಪ್‌ಹಾಪ್ ಸಂಗೀತದ ಬೇರು ಇಲ್ಲಿದೆ.

ಮುಂದಿನ ಹಾಡನ್ನು ಆಯುವಾಗ ಲಯವೂ ಹೊಂದಬೇಕು. ಹೌಸ್ ಸಂಗೀತದ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 130 ತಾಳ. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಯಂತ್ರ ವೇಗವನ್ನು ಶೇ. 8ರಷ್ಟು ಹೆಚ್ಚುಕಡಿಮೆ ಮಾಡಬಲ್ಲದು. 125 ತಾಳದ ಹಾಡು 115ರಿಂದ 135ರವರೆಗೆ ಹೋದೀತು. ಆದರೆ ವೇಗದೊಡನೆ ಶ್ರುತಿಯೂ ಏರಿಳಿದು ಗಾಯಕನ ದನಿ ಕೀರಲಾಗುವ ಅಪಾಯವುಂಟು.

ಇಂದು ಲಯ, ಶ್ರುತಿಗಳನ್ನು ಗಣಕವೇ ತೋರಿಸುತ್ತದೆ. ಅಂಗಣ ಬರಿದಾದಾಗ ಜನಪ್ರಿಯ ಹಾಡೊಂದು ಜನರನ್ನು ಮರಳಿ ಕರೆತರುವುದು ನಿಜ; ಅಂಥವನ್ನೆಲ್ಲ ಸಂಜೆಯೇ ಮುಗಿಸಿದವನಿಗೆ ನಡುರಾತ್ರಿಗೆ ಏನೂ ಉಳಿಯದು.